ಬಿಸಿಲಿಗೆ ನಿಂತವರು

ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಚಾವಣಿಯಿಲ್ಲದ ಬಸ್ ಸ್ಟಾಪೊಂದನ್ನು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನೋಡಬೇಕು. ಕಾಯುವವರೆಲ್ಲ ಒಬ್ಬರ ಹಿಂದೊಬ್ಬರು, ದಾರ ಹಿಡಿದು ನಿಲ್ಲಿಸಿದಂತೆ, ಒಂದೇ ಗೆರೆಯಲ್ಲಿ ನಿಂತಿರುತ್ತಾರೆ. ನಮ್ಮವರಿಗೆ ಸಾಲು ನಿಲ್ಲುವ ಶಿಸ್ತು ಯಾವಾಗ ಬಂತಪ್ಪಾ ಎಂದು ಬೆರಗಾಗುವ ಮೊದಲು ನೆಲ ನೋಡಿ. ಅದು ಲೈಟು ಕಂಬದ ನೆರಳು. ನೆರಳು ಎಷ್ಟು ಉದ್ದವೋ ಸಾಲೂ ಅಷ್ಟೇ ಉದ್ದ. ಸ್ವಲ್ಪ ದಪ್ಪಗಿರುವವರ ಎರಡೂ ತೋಳು ಬಿಸಿಲಿಗೇ ಬಿಟ್ಟದ್ದು. ಮುಖವೊಂದು ನೆರಳಿನಲ್ಲಿದ್ದರೆ ಅವರಿಗೆ ಸಮಾಧಾನ. ಸೂರ್ಯ ಸರಿದಂತೆ ನೆರಳು ಸರಿಯುತ್ತದೆ, ಯಾರೂ ಯಾರಿಗೂ ಹೇಳದೆ ಸಾಲೂ ಅರ್ಧರ್ಧ ಹೆಜ್ಜೆ ಸರಿಯುತ್ತದೆ. ಬಸ್ಸು ಬಂದ ಕೂಡಲೇ ಈ ಶಿಸ್ತು ಮಾಯವಾಗಿ ನಮ್ಮ ಹಳೆಯ ಸಂಪ್ರದಾಯ ಮರಳುತ್ತದೆ ಎನ್ನುವುದು ಬೇರೆ ಮಾತು.

ಏಪ್ರಿಲ್ 24ರ ಆಸುಪಾಸಿನಲ್ಲಿ ಒಂದು ನಡುಮಧ್ಯಾಹ್ನ ಈ ಆಸರೆಯೂ ತಪ್ಪುತ್ತದೆ. ಬೆಂಗಳೂರಿಗೆ ಅಂದು ಶೂನ್ಯ ನೆರಳಿನ ದಿನ. ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ನಿಂತು, ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿ ಕೂತುಬಿಡುತ್ತದೆ. ಶಾಲೆಗಳಲ್ಲಿ ಮೇಷ್ಟ್ರುಗಳು ಅಂಗಳದಲ್ಲಿ ಕೋಲು ನಿಲ್ಲಿಸಿ ಮಕ್ಕಳಿಗೆ ಇದನ್ನು ತೋರಿಸುತ್ತಾರೆ. ಮಕ್ಕಳು ಕೋಲಿನ ನೆರಳು ಹುಡುಕುತ್ತಾರೆ, ಮೇಷ್ಟ್ರು ತಮ್ಮ ನೆರಳು ಹುಡುಕುತ್ತಾರೆ.

ಇಷ್ಟೆಲ್ಲ ನಡೆಯುವಾಗ ರಸ್ತೆಯ ನಡುವಿನ ಡಿವೈಡರಿನಲ್ಲಿ ಕಣಗಿಲೆ, ಬೋಗನ್‌ವಿಲ್ಲಾ ಗಿಡಗಳು ನಿಂತಲ್ಲೇ ನಿಂತಿರುತ್ತವೆ. ಎದುರು ಬದಿಯ ಹೊಂಗೆಮರ ಎಳನೀರಿನವನಿಗೂ ಅವನ ಗಿರಾಕಿಗೂ ಎರಡು ಬೀದಿನಾಯಿಗೂ ನೆರಳು ಕೊಡುತ್ತದೆ, ತನ್ನ ತುದಿಯೆಲೆಗೆ ಮಾತ್ರ ಕೊಡಲಾರದು. ಸ್ಕೂಟರಿನಲ್ಲಿ ಹೋಗುವ ಹುಡುಗಿಯರ ಹಾಗೆ ದುಪಟ್ಟಾ ಸುತ್ತಿಕೊಳ್ಳಲು, ತೋಳಿಗೆ ಚೀಲ ಹಾಕಿಕೊಳ್ಳಲು ಅದಕ್ಕೆ ಬರುವುದಿಲ್ಲ. ಅನ್ನ ಬೇಯುವುದೇ ಬಿಸಿಲಿನಲ್ಲಾದ್ದರಿಂದ ಬಿಸಿಲು ಬಿಟ್ಟು ಓಡುವ ಹಾಗೂ ಇಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಚರ್ಮ ಸುಡುವ, ಜೀವಕೋಶದ ಡಿಎನ್‌ಎಯನ್ನೇ ಕೆಡಿಸುವ ಒಂದು ಪಾಲಿದೆ. ಅದನ್ನು ಈ ಗಿಡಗಳು ಏನು ಮಾಡುತ್ತವೆ ಎಂಬ ಪ್ರಶ್ನೆ ನನ್ನ ತಲೆ ಹೊಕ್ಕು, ಬಹಳ ದಿನದಿಂದ ಬಾಡಿಗೆ ಕೊಡದೆ ಕೂತಿದೆ.

ಆ ಕಾಣದ ಪಾಲನ್ನು ಮೊದಲು ಹಿಡಿದವನು ಯೊಹಾನ್ ವಿಲ್ಹೆಲ್ಮ್ ರಿಟರ್ ಎಂಬ ಜರ್ಮನ್ ತರುಣ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಬೆಳಕನ್ನು ಪಟ್ಟಕದಲ್ಲಿ ಒಡೆದು, ಕೆಂಪಿನಾಚೆಯ ಬರಿದು ಜಾಗದಲ್ಲೂ ಥರ್ಮಾಮೀಟರು ಏರುತ್ತದೆಂದು ಕಂಡಿದ್ದ. ಸುದ್ದಿ ಕೇಳಿದ ರಿಟರ್‌ನ ಯೋಚನೆಯೇ ಬೇರೆ: ಪ್ರಕೃತಿಯಲ್ಲಿ ಎಲ್ಲಕ್ಕೂ ಎರಡು ಧ್ರುವಗಳಿವೆ, ಕೆಂಪಿನಾಚೆ ಏನೋ ಇದ್ದರೆ ನೇರಳೆಯಾಚೆಯೂ ಏನೋ ಇರಲೇಬೇಕು. ತರ್ಕ ವೇದಾಂತದ್ದಾದರೂ ಪರೀಕ್ಷೆ ಅಚ್ಚುಕಟ್ಟಾಗಿತ್ತು. ಬೆಳಕು ತಾಗಿದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡನ್ನು 1801ರಲ್ಲಿ ಯೆನಾ ಊರಿನಲ್ಲಿ ಬಣ್ಣಗಳ ಪಟ್ಟಿಯುದ್ದಕ್ಕೂ ಇಟ್ಟು ನೋಡಿದ. ನೇರಳೆಯಾಚೆ, ಕಣ್ಣಿಗೆ ಏನೂ ಕಾಣದ ಕತ್ತಲಲ್ಲಿ, ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಮುಂದೆ ತನ್ನ ಮೈಗೇ ವಿದ್ಯುತ್ ಹಾಯಿಸಿಕೊಂಡು ಪ್ರಯೋಗ ಮಾಡುತ್ತ, ಬಡತನದಲ್ಲಿ, 33ನೆಯ ವಯಸ್ಸಿಗೇ ತೀರಿಕೊಂಡ ಈ ಮನುಷ್ಯನ ಬಗ್ಗೆ ಯಾರಾದರೂ ಕನ್ನಡದಲ್ಲಿ ಒಂದು ಕಾದಂಬರಿ ಬರೆಯಬೇಕು.

ನೇರಳಾತೀತದಲ್ಲಿ ಮೂರು ಜಾತಿ. ಕಣ್ಣಿಗೆ ಕಾಣುವ ಬೆಳಕಿನ ಪಕ್ಕದಲ್ಲೇ ಇರುವುದು ಎ. ಅದರಾಚೆ 315ರಿಂದ 280 ನ್ಯಾನೊಮೀಟರಿನವರೆಗೆ ಬಿ. ಇನ್ನೂ ಆಚೆಯದು ಸಿ, ಅತಿ ಕ್ರೂರಿ. ಮೇಲಿನ ವಾತಾವರಣವೇ ಅದನ್ನು ಪೂರ್ತಿ ನುಂಗಿಬಿಡುವುದರಿಂದ ನೆಲಕ್ಕೆ ಬರುವುದಿಲ್ಲ. ಬಿಯಲ್ಲೂ ಬಹುಪಾಲನ್ನು ಓಝೋನ್ ತಡೆಯುತ್ತದೆ. ತಪ್ಪಿಸಿಕೊಂಡು ಬರುವುದು ನೆಲಕ್ಕೆ ಬೀಳುವ ಸೂರ್ಯಶಕ್ತಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಆದರೆ ಇಷ್ಟಕ್ಕೇ ಡಿಎನ್‌ಎ ಎಳೆಯ ಅಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಬೆಸೆದುಕೊಂಡು, ಆ ಜಾಗದಲ್ಲಿ ಓದು ಕೆಡುತ್ತದೆ. ನಮ್ಮ ಪಾಲಿಗೆ ಬರುವುದು ಸ್ವಲ್ಪ ಜಾಸ್ತಿಯೇ. ಸಮಭಾಜಕದತ್ತ ಓಝೋನ್ ಹೊದಿಕೆ ಸಹಜವಾಗಿಯೇ ತೆಳು, ಸೂರ್ಯ ನೆತ್ತಿಯ ಮೇಲೆ, ಬೆಂಗಳೂರಾದರೆ ಸಮುದ್ರಮಟ್ಟದಿಂದ 900 ಮೀಟರ್ ಎತ್ತರ ಬೇರೆ. ಸಾವಿರ ಮೀಟರ್ ಏರಿದರೆ ನೇರಳಾತೀತ ಸುಮಾರು ನೂರಕ್ಕೆ ಹತ್ತರಷ್ಟು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂಚ್ಯಂಕದಲ್ಲಿ 11 ಮುಟ್ಟಿದರೆ ‘ವಿಪರೀತ’ ಎನ್ನುತ್ತಾರೆ. ನಮ್ಮ ಬೇಸಿಗೆಯ ಮಧ್ಯಾಹ್ನ ಅದನ್ನು ಸಲೀಸಾಗಿ ಮುಟ್ಟುತ್ತದೆ. ತಂಪು ಊರೆಂದು ಬೀಗುವವರು ಇದನ್ನೂ ಸ್ವಲ್ಪ ಜೊತೆಗಿಟ್ಟುಕೊಳ್ಳಬೇಕು. ಸೆಕೆಯೇ ಬೇರೆ, ಈ ಕಿರಣವೇ ಬೇರೆ.

ಗಿಡಕ್ಕೆ ನಮ್ಮ ಹಾಗೆ ಕಪ್ಪಾಗಲು ಮೆಲನಿನ್ ಇಲ್ಲ. ಕಪ್ಪಾದರೆ ಅಡುಗೆಗೆ ಬೇಕಾದ ಬೆಳಕೂ ಒಳಗೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ನೀಲಿ, ಕೆಂಪು ಬೆಳಕನ್ನು ಬಿಟ್ಟುಕೊಂಡು ನೇರಳಾತೀತವನ್ನು ಮಾತ್ರ ತಡೆಯುವ ಬಣ್ಣವಿಲ್ಲದ ಪರದೆ. ಎಲೆಯ ಮೇಲ್ಪದರದ ಕೋಶಗಳಲ್ಲಿ ಅಂಥ ಪರದೆಯೇ ಇದೆ. ಫ್ಲೇವನಾಯ್ಡ್ ಮತ್ತು ಅದರ ಬಳಗದ ರಾಸಾಯನಿಕಗಳು ಅಲ್ಲಿ ತುಂಬಿಕೊಂಡು ಬಿ ಕಿರಣವನ್ನು ಹೊಸ್ತಿಲಲ್ಲೇ ತಡೆಯುತ್ತವೆ. ನಾವು ಔಷಧಿ ಅಂಗಡಿಯಲ್ಲಿ ಹೆಬ್ಬೆರಳಿನಷ್ಟು ಟ್ಯೂಬಿಗೆ ಐನೂರು ರೂಪಾಯಿ ಕೊಟ್ಟು ತರುವ ಸನ್‌ಸ್ಕ್ರೀನನ್ನು ಗಿಡ ಮನೆಯಲ್ಲೇ ಕಾಯಿಸಿಕೊಳ್ಳುತ್ತದೆ.

ಕಾಯಿಸುವುದಕ್ಕೆ ಖರ್ಚಿದೆ. ಬೆಳೆಯಲು ಇಟ್ಟುಕೊಂಡ ಇಂಗಾಲವನ್ನು ಇದಕ್ಕೆ ಹಾಕಬೇಕು. ಹಾಗಾಗಿ ಜಾಣ ಗಿಡ ಬೇಕಾದಾಗ, ಬೇಕಾದಷ್ಟೇ ಮಾಡುತ್ತದೆ. ಬೇಕಾಗಿದೆ ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಕೆಂಪು ಬೆಳಕನ್ನು, ನೀಲಿ ಬೆಳಕನ್ನು ಗಿಡ ಯಾವ ಪ್ರೋಟೀನಿನಿಂದ ಗ್ರಹಿಸುತ್ತದೆ ಎಂದು ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದಲ್ಲೇ ಪತ್ತೆ ಮಾಡಿದ್ದರು. ಬಿ ಕಿರಣದ ಕಣ್ಣು ಮಾತ್ರ ಬಹಳ ಕಾಲ ಸಿಗಲಿಲ್ಲ. ಡಿಎನ್‌ಎಗೆ ಏಟು ಬಿದ್ದಾಗ ಗಿಡ ಎಚ್ಚರಗೊಳ್ಳುತ್ತದೆ, ಬೇರೆ ಕಣ್ಣೇನೂ ಬೇಕಿಲ್ಲ ಎಂದು ನಂಬಿದವರೂ ಇದ್ದರು.

ಸಿಕ್ಕಿದ್ದು ಅರಾಬಿಡಾಪ್ಸಿಸ್ ಎಂಬ, ಸಾಸಿವೆಗೆ ದೂರದ ನೆಂಟನಾದ ಒಂದು ಬಡಕಲು ಕಳೆಯಲ್ಲಿ. ಅಡುಗೆಗೂ ಬಾರದ, ಪೂಜೆಗೂ ಸಲ್ಲದ ಈ ಗಿಡಕ್ಕೆ ಪ್ರಯೋಗಾಲಯದಲ್ಲಿ ಸಿಗುವ ರಾಜಮರ್ಯಾದೆ ನೋಡಿದರೆ ನಮ್ಮ ತುಂಬೆ, ಉತ್ತರಾಣಿಗಳು ಹೊಟ್ಟೆ ಉರಿದುಕೊಳ್ಳಬೇಕು. ಬಿ ಕಿರಣ ತಾಗಿದರೆ ತಡೆಯಲಾರದೆ ಸೊರಗುವ ಇದರ ಒಂದು ರೂಪಾಂತರ 2002ರಲ್ಲಿ ವರದಿಯಾಯಿತು. ಅದರಲ್ಲಿ ಕೆಟ್ಟುಹೋಗಿದ್ದ ಜೀನಿಗೆ ಯುವಿಆರ್8 ಎಂದು ಹೆಸರು. ಅದು ಮಾಡುವ ಪ್ರೋಟೀನೇ ಬಿ ಕಿರಣದ ಕಣ್ಣು ಎಂದು 2011ರಲ್ಲಿ ರೋಮನ್ ಉಲ್ಮ್ ಅವರ ಬಳಗ ತೋರಿಸಿಕೊಟ್ಟಿತು. ಮರುವರ್ಷ ಎರಡು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಅದರ ಆಕಾರವನ್ನು ಅಣುಅಣುವಾಗಿ ಬಿಡಿಸಿ ತೋರಿಸಿದವು.

ನನಗೆ ಇದರಲ್ಲಿ ಅತ್ಯಂತ ಖುಷಿ ಕೊಟ್ಟ ಸಂಗತಿ ಈಗ ಬರುತ್ತದೆ. ಈ ಪ್ರೋಟೀನು ಎಲೆಯ ಕೋಶದಲ್ಲಿ ಜೋಡಿಯಾಗಿಯೇ ಇರುತ್ತದೆ. ಪಂಚಮಿಯಲ್ಲಿ ಹುಡುಗಿಯರು ಫುಗಡಿ ಆಡುವಾಗ ಕೈಕೈ ಹೆಣೆದು ಹಿಡಿದುಕೊಳ್ಳುವ ಹಾಗೆ ಎರಡು ಅಣುಗಳು ಧನ, ಋಣ ವಿದ್ಯುದಂಶಗಳ ಹಿಡಿತದಲ್ಲಿ ಎದುರುಬದುರು ಕೂತಿರುತ್ತವೆ. ಬಿ ಕಿರಣ ಬಿದ್ದ ಕೂಡಲೇ ಹಿಡಿತ ಸಡಿಲಿ ಎರಡೂ ಬೇರೆಬೇರೆ. ಹಿಡಿತವಿರುವ ಕಡೆ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದ ಒಂದು ಗುಂಪಿದೆ. ಕಿರಣವನ್ನು ಹೀರಿಕೊಳ್ಳುವುದು ಅದೇ, ಅದರಲ್ಲೂ 285ನೆಯ ಸ್ಥಾನದಲ್ಲಿರುವ ಟ್ರಿಪ್ಟೊಫ್ಯಾನು. ಅದೊಂದನ್ನು ಕಿತ್ತು ಬೇರೊಂದನ್ನು ಕೂರಿಸಿದರೆ ಗಿಡ ಬಿ ಕಿರಣಕ್ಕೆ ಕುರುಡಾಗುತ್ತದೆ. ಕೆಂಪು, ನೀಲಿ ಬೆಳಕಿನ ಕಣ್ಣುಗಳಲ್ಲಿ ಬೆಳಕು ಹಿಡಿಯಲೆಂದೇ ಪ್ರತ್ಯೇಕವಾದ ಬಣ್ಣದ ಅಣುವೊಂದು ಇರುತ್ತದೆ. ಇಲ್ಲಿ ಅಂಥ ದುಂದಿಲ್ಲ. ಟ್ರಿಪ್ಟೊಫ್ಯಾನು ಹಾಲಿನಲ್ಲಿದೆ, ಬೇಳೆಯಲ್ಲಿದೆ, ಇದನ್ನು ಓದುತ್ತಿರುವವರ ಮೈತುಂಬ ಇದೆ. ನೇರಳಾತೀತ ಬಿದ್ದರೆ ಮೊದಲೇ ಏಟು ತಿನ್ನುವ ಇಂಥ ನಾಜೂಕು ಸಾಮಗ್ರಿಯನ್ನೇ ಗಿಡ ತನ್ನ ಕಾವಲಿಗೆ ನೇಮಿಸಿಕೊಂಡಿದೆ.

ಬಿಡಿಯಾದ ಯುವಿಆರ್8 ನೇರವಾಗಿ ಹೋಗಿ ಕಾಪ್1 ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕಾಪ್1ರ ದಿನನಿತ್ಯದ ಕೆಲಸ ಎಚ್‌ವೈ5 ಎಂಬ ಮತ್ತೊಬ್ಬನನ್ನು ಹುಡುಕಿ ಹುಡುಕಿ ನಾಶಕ್ಕೆ ಕಳಿಸುವುದು. ಈಗ ಅದರ ಕೈ ಕಟ್ಟಿತಲ್ಲ, ಎಚ್‌ವೈ5 ಬದುಕಿಕೊಳ್ಳುತ್ತದೆ, ಬದುಕಿ ಫ್ಲೇವನಾಯ್ಡ್ ತಯಾರಿಸುವ ಜೀನುಗಳನ್ನು ಎಬ್ಬಿಸುತ್ತದೆ. ಬಿಸಿಲು ತಗ್ಗಿದ ಮೇಲೆ ಬೇರೆರಡು ಪ್ರೋಟೀನುಗಳು ಬಂದು ಬಿಡಿಬಿಡಿಯಾದವನ್ನು ಮತ್ತೆ ಜೋಡಿ ಮಾಡಿ ಕೂರಿಸುತ್ತವೆ. ನೀರಿನಲ್ಲಿರುವ ಕ್ಲಾಮಿಡೊಮೊನಾಸ್ ಎಂಬ ಏಕಕೋಶದ ಹಸಿರು ಪಾಚಿಯಲ್ಲೂ ಇದೇ ಕಣ್ಣು ಇದೆ. ಅಂದರೆ ಗಿಡಗಳು ನೆಲ ಹತ್ತುವ ಮೊದಲೇ ಈ ಏರ್ಪಾಡು ಸಿದ್ಧವಾಗಿತ್ತು.

ಇಷ್ಟು ಓದಿದಾಗ ಗಿಡ ನೇರಳಾತೀತಕ್ಕೆ ಹೆದರುತ್ತದೆ ಎಂಬ ನಮ್ಮ ಲೆಕ್ಕ ಸ್ವಲ್ಪ ಅಲುಗಾಡುತ್ತದೆ. ಯುವಿಆರ್8 ಕೆಲಸಕ್ಕಿಳಿಯುವುದು ಮೈ ಸುಡುವಷ್ಟು ಬಿಸಿಲಿಗಲ್ಲ. ಬೆಳಗಿನ ಸಣ್ಣ ಪ್ರಮಾಣವೇ ಸಾಕು. ಏಟು ಬೀಳುವ ಮುಂಚೆಯೇ ಸುದ್ದಿ ತಲುಪಿ, ಗಿಡ ಅದರಂತೆ ಮೈ ಕಟ್ಟಿಕೊಳ್ಳುತ್ತದೆ: ಕಾಂಡ ಕುಳ್ಳಗೆ, ಎಲೆ ದಪ್ಪಗೆ, ಮೇಲ್ಪದರದಲ್ಲಿ ಪರದೆ. ನರ್ಸರಿಯಿಂದ ಸಸಿ ತರುವಾಗ ಹುಡುಗ ಹೇಳುತ್ತಾನಲ್ಲ, “ತಗೊಂಡೋಗಿ ಸೀದಾ ಬಿಸಿಲಿಗೆ ಇಡಬೇಡಿ ಸಾರ್, ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡ್ಸಿ” ಎಂದು. ಶೇಡ್ ನೆಟ್ಟಿನ ಕೆಳಗೆ ಬೆಳೆದ ಸಸಿ ಪರದೆ ನೇಯ್ದುಕೊಳ್ಳಲು ಕೆಲವು ದಿನ ಬೇಕು ಎಂಬುದು ಅವನಿಗೆ ಯುವಿಆರ್8ರ ಹಂಗಿಲ್ಲದೆ ಗೊತ್ತಿದೆ.

ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ರಾಯರಿಗೆ ಡಾಕ್ಟರು ವಿಟಮಿನ್ ಡಿ ಕಡಿಮೆಯಾಗಿದೆ, ಬಿಸಿಲಲ್ಲಿ ಕೂರಿ ಎಂದಿದ್ದಾರೆ. ಪಾರಿವಾಳದ ಕಾಟಕ್ಕೆ ಅವರ ಬಾಲ್ಕನಿಗೆ ಅಡ್ಡಡ್ಡ ಗಾಜಿನ ಬಾಗಿಲು ಹಾಕಿಸಿಯಾಗಿದೆ. ಅದರ ಹಿಂದೆ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ರಾಯರು, ಪಕ್ಕದ ಕುಂಡದಲ್ಲಿ ಒಂದು ಕಾಮಕಸ್ತೂರಿ ಗಿಡ.

“ಏನು ರಾಯರೇ, ಬಿಸಿಲು ಕಾಯ್ತಾ ಇದೀರಾ?”

“ಹೂಂ ಕಣ್ರೀ. ಗಾಳಿ ಇಲ್ಲ, ಧೂಳಿಲ್ಲ, ಮೈಗೆ ಹಿತವಾಗಿದೆ. ಆದ್ರೆ ಡಿ ಏರ್ತಾನೇ ಇಲ್ಲ.”

“ಗಾಜಿನೊಳಗೆ ಕೂತ್ರೆ ಎಲ್ಲಿಂದ ಏರುತ್ತೆ? ವಿಟಮಿನ್ ಮಾಡೋದು ಬಿ ಕಿರಣ. ಕಿಟಕಿ ಗಾಜು ಅದನ್ನ ಒಳಗೇ ಬಿಡಲ್ಲ.”

ರಾಯರು ಗಾಜನ್ನು ಬೆರಳಿಂದ ತಟ್ಟಿ ನೋಡಿದರು. ಅವರ ಹೆಂಡತಿ ಒಳಗಿಂದಲೇ, “ಅದಕ್ಕೇ ಈ ಗಿಡಾನೂ ವಾಸನೆ ಬರ್ತಿಲ್ಲ ಅನ್ಸುತ್ತೆ” ಎಂದರು.

ಅವರ ಊಹೆಗೆ ಬುಡವಿದೆ. ಕಾಮಕಸ್ತೂರಿಯ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲೆಲ್ಲ ಚಿಕ್ಕ ಚಿಕ್ಕ ಎಣ್ಣೆಯ ಗುಳ್ಳೆಗಳು ಕಾಣುತ್ತವೆ. ಬೆರಳಿನಿಂದ ಉಜ್ಜಿದಾಗ ಒಡೆದು ಪರಿಮಳ ಬರುವುದು ಅವೇ. ಬಿ ಕಿರಣವಿಲ್ಲದೆ ಗಾಜಿನ ಮನೆಯಲ್ಲಿ ಬೆಳೆದ ಗಿಡದಲ್ಲಿ ಈ ಗುಳ್ಳೆಗಳು ಸರಿಯಾಗಿ ತುಂಬಿಕೊಳ್ಳುವುದಿಲ್ಲ, ಬಿ ಕಿರಣ ಒದಗಿಸಿದರೆ ತುಂಬಿಕೊಳ್ಳುತ್ತವೆ ಎಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಕಾಮಕಸ್ತೂರಿ ತುಳಸಿಯ ಒಡಹುಟ್ಟು ಎನ್ನುವುದನ್ನು ನಾನು ಅಂದು ರಾಯರಿಗೆ ಹೇಳಬಾರದಾಗಿತ್ತು. ಸಂಜೆಯೊಳಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಪೂರ್ವಜರು ನೇರಳಾತೀತ ಕಿರಣವನ್ನು ಬಲ್ಲವರಾಗಿದ್ದರಿಂದಲೇ ತುಳಸಿಕಟ್ಟೆಯನ್ನು ಅಂಗಳದಲ್ಲಿ ಕಟ್ಟಿದರೆಂಬ ಸಂದೇಶ ಕೈಮುಗಿದ ಚಿತ್ರಗಳೊಂದಿಗೆ ಓಡಾಡುತ್ತಿತ್ತು. ಅಂಗಳದಲ್ಲಿ ಕಟ್ಟಿದ್ದು ಅಂಗಳ ಇದ್ದದ್ದರಿಂದ ಎಂದು ಬರೆಯೋಣವೆಂದುಕೊಂಡೆ. ಸೊಸೈಟಿಯ ಚುನಾವಣೆ ಹತ್ತಿರವಿತ್ತು, ಸುಮ್ಮನಾದೆ.

ಗಾಜು ಬಿ ಕಿರಣವನ್ನು ತಡೆದರೂ ನೀಲಿ ಬೆಳಕನ್ನೂ ಎ ಕಿರಣದ ಬಹುಪಾಲನ್ನೂ ಧಾರಾಳವಾಗಿ ಒಳಗೆ ಬಿಡುತ್ತದೆ. ಇದರಿಂದ ಒಂದು ದೊಡ್ಡ ಶೋಧವೇ ಆಗಿಹೋಯಿತು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಆಲ್ಬರ್ಟ್ ಕೆಲ್ನರ್ ಎಂಬ ವಿಜ್ಞಾನಿ ಸೂಕ್ಷ್ಮಜೀವಿಗಳಿಗೆ ನೇರಳಾತೀತ ಹಾಯಿಸಿ, ಅರೆಜೀವವಾದವು ಯಾವ ಉಷ್ಣತೆಯಲ್ಲಿ ಚೇತರಿಸಿಕೊಳ್ಳುತ್ತವೆ ಎಂದು ನೋಡುತ್ತಿದ್ದ. ಒಂದೇ ಉಷ್ಣತೆಯಲ್ಲಿಟ್ಟರೂ ಒಂದು ಬಾರಿ ಬಂದ ಲೆಕ್ಕ ಇನ್ನೊಂದು ಬಾರಿ ಬರದು. ತಲೆ ಕೆಡಿಸಿಕೊಂಡು ಹುಡುಕಿದರೆ, ವ್ಯತ್ಯಾಸ ಮಾಡುತ್ತಿದ್ದದ್ದು ಕಿಟಕಿಯಿಂದ ಬರುತ್ತಿದ್ದ ಬೆಳಕು. ಬೆಳಕಿಗೆ ಬಿದ್ದವು ಬದುಕುತ್ತಿದ್ದವು. 1949ರಲ್ಲಿ ಅವನು ಇದನ್ನು ಪ್ರಕಟಿಸಿದ. ಡಿಎನ್‌ಎಯಲ್ಲಿ ತಪ್ಪಾಗಿ ಬೆಸೆದುಕೊಂಡ ಅಕ್ಷರಗಳನ್ನು ಬಿಡಿಸುವ ಫೋಟೋಲೈಯೇಸ್ ಎಂಬ ಕಿಣ್ವವಿದೆ, ಅದು ಕೆಲಸ ಮಾಡುವುದು ನೀಲಿ ಬೆಳಕಿನ ಮತ್ತು ಎ ಕಿರಣದ ಬಲದಿಂದ ಎಂದು ಆಮೇಲೆ ತಿಳಿಯಿತು. ಹೊಡೆಯುವವನೂ ಮುಲಾಮು ಹಚ್ಚುವವನೂ ಒಂದೇ ಬಿಸಿಲಿನಲ್ಲಿ ಬರುತ್ತಾರೆ.

ಈ ಕಿಣ್ವ ಗಿಡಗಳಿಗಿದೆ, ಬ್ಯಾಕ್ಟೀರಿಯಾಗಳಿಗಿದೆ, ಕಪ್ಪೆಗಿದೆ, ಮೀನಿಗಿದೆ, ಕಾಂಗರೂವಿಗೂ ಇದೆ. ಮನುಷ್ಯನಿಗಿಲ್ಲ. ಇಲಿ, ಹಸು, ಆನೆಯ ಜೊತೆ ಸೇರಿ ನಾವು ವಂಶದಲ್ಲೆಲ್ಲೋ ಇದನ್ನು ಕಳೆದುಕೊಂಡೆವು, ನಿಧಾನವಾದ ಬೇರೆ ದುರಸ್ತಿ ವ್ಯವಸ್ಥೆಯಲ್ಲಿ ಕಾಲ ಹಾಕುತ್ತಿದ್ದೇವೆ. ಕಂಬದ ನೆರಳಿಗೆ ಸಾಲು ನಿಲ್ಲುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಗಿಡಗಳಲ್ಲೂ ಎಲ್ಲರ ಕಿಣ್ವವೂ ಒಂದೇ ಸಮ ಚುರುಕಿಲ್ಲ. ಭತ್ತದ ವಿಷಯದಲ್ಲಿ ಜಪಾನೀಯರು ಇದನ್ನು ಕೂಲಂಕಷವಾಗಿ ನೋಡಿದ್ದಾರೆ. ಅವರ ಸಾಸಾನಿಶಿಕಿ ತಳಿ ಬಿ ಕಿರಣವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ನೋರಿನ್ 1 ತಾಳಿಕೊಳ್ಳುವುದಿಲ್ಲ; ಎರಡರ ಫೋಟೋಲೈಯೇಸ್‌ಗೂ ಇರುವ ಅಂತರ ಒಂದೇ ಒಂದು ಅಮೈನೋ ಆಮ್ಲ. ಇವೆರಡಕ್ಕಿಂತಲೂ ಕೋಮಲವಾಗಿ, ಬಿ ಕಿರಣ ಕಂಡರೆ ಕಂಗೆಡುವ ತಳಿಯೊಂದು ಬಂಗಾಳದ್ದು. ಅದರ ಹೆಸರು ಸುರ್ಜಮುಖಿ. ಶಾಂತಿ ಎಂದು ಹೆಸರಿಟ್ಟ ಮಗಳನ್ನು ಸಾಕಿದ ತಂದೆತಾಯಿಗಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸದು.

ಇನ್ನು ರುಚಿಯ ವಿಷಯ. ಗಿಡ ಮನೆಯಲ್ಲೇ ಕಾಯಿಸಿಕೊಳ್ಳುವ ಸನ್‌ಸ್ಕ್ರೀನ್ ಬಳಗದಲ್ಲಿ ಬಹಳಷ್ಟಕ್ಕೆ ಒಗರು, ಕಹಿ. ಮಲೆನಾಡಿನ ಮನೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಕುಡಿ ತಂಬುಳಿ ಮಾಡುತ್ತಾರೆ. ನನ್ನ ದೊಡ್ಡಮ್ಮ ಬೇಲಿಯ ಬದಿಗೆ ಹೋಗಿ ಪೇರಳೆಯದೋ ನೆಲ್ಲಿಯದೋ ಕೇಪಳದ್ದೋ ಎಳೆಯ ಕುಡಿಗಳನ್ನು ಚಿವುಟಿ ಸೆರಗಿಗೆ ಹಾಕಿಕೊಂಡು ಬರುತ್ತಿದ್ದಳು. ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯ ಜೊತೆ ರುಬ್ಬಿ, ಮಜ್ಜಿಗೆಗೆ ಕಲೆಸಿದರೆ ತಂಬುಳಿ. ನಾಲಿಗೆಯ ಎರಡೂ ಅಂಚು ಎಳೆದು ಹಿಡಿಯುವ ಆ ಒಗರಿದೆಯಲ್ಲ, ಎಳೆಯ ಕುಡಿ ತನ್ನನ್ನು ಹುಳದಿಂದ, ಬಿಸಿಲಿನಿಂದ ಕಾಪಾಡಿಕೊಳ್ಳಲು ತುಂಬಿಕೊಂಡ ಸಾಮಾನು ಅದು. ಹೊಟ್ಟೆಗೆ ತಂಪು ಎಂದು ದೊಡ್ಡಮ್ಮ ಬಡಿಸುತ್ತಿದ್ದದ್ದು ಒಂದು ಬಗೆಯಲ್ಲಿ ಮಜ್ಜಿಗೆಯಲ್ಲಿ ಕದಡಿದ ಸನ್‌ಸ್ಕ್ರೀನು. ಕುಡಿ ಎಲ್ಲಿಂದ ಚಿವುಟಬೇಕು ಎಂಬುದರಲ್ಲಿ ಅವಳಿಗೆ ಪಂಥಾಭಿಮಾನವೇ ಇತ್ತು. “ಮರದಡೀದು ಸಪ್ಪೆ, ಬೇಲಿದು ತಗೊಂಡ್ ಬಾ” ಎಂದು ನಮ್ಮನ್ನು ಅಟ್ಟುತ್ತಿದ್ದಳು.

ಜಪಾನಿನ ಚಹಾದವರದು ಇದಕ್ಕೆ ತಿರುಗುಮುರುಗು ರುಚಿ. ಗ್ಯೋಕುರೊ ಎಂಬ ದುಬಾರಿ ಚಹಾಕ್ಕಾಗಿ ಎಲೆ ಕೊಯ್ಯುವ ಮುಂಚೆ ಸುಮಾರು ಮೂರು ವಾರ ಗಿಡಗಳಿಗೆ ಹೊದಿಕೆ ಹಾಕುತ್ತಾರೆ. ಬಿಸಿಲಿಲ್ಲದೆ ಎಲೆ ಒಗರು ಕಟ್ಟಿಕೊಳ್ಳುವುದಿಲ್ಲ, ಮೆದು ಸಿಹಿ ಉಳಿಯುತ್ತದೆ. ದೊಡ್ಡಮ್ಮನ ಮುಂದೆ ಈ ಚಹಾ ಇಟ್ಟಿದ್ದರೆ ಎರಡು ಚಮಚ ಶುಂಠಿ ರಸ ಬೆರೆಸುತ್ತಿದ್ದಳು.

ಹುಳಗಳ ನಾಲಿಗೆ ಜಪಾನೀಯರ ಕಡೆಗಿದೆ. ಅರ್ಜೆಂಟೀನಾದ ಸೋಯಾ ಹೊಲಗಳಲ್ಲಿ ಕೆಲವು ಗಿಡಗಳ ಮೇಲೆ ಬಿ ಕಿರಣವನ್ನು ಮಾತ್ರ ತಡೆಯುವ ಹಾಳೆ ಕಟ್ಟಿ ನೋಡಿದರು. ಥ್ರಿಪ್ಸ್ ನುಸಿಗಳು ಹಾಳೆಯಡಿಯ ಗಿಡಗಳನ್ನು ಹೆಚ್ಚು ತಿಂದವು, ಬಿಸಿಲುಂಡ ಎಲೆಯನ್ನು ದೂರವಿಟ್ಟವು. ಅದೇ ಖಂಡದ ದಕ್ಷಿಣದ ತುದಿ ಟಿಯೆರಾ ಡೆಲ್ ಫ್ಯೂಗೊದ ಕಥೆ ಅಷ್ಟು ಹಗುರವಲ್ಲ. ಅಂಟಾರ್ಕ್ಟಿಕಾದ ಓಝೋನ್ ತೂತು ವಸಂತದಲ್ಲಿ ಅಲ್ಲಿಯವರೆಗೂ ಸರಿದು ಬರುತ್ತಿತ್ತು. ಬಂದ ದಿನಗಳಲ್ಲಿ ಗುನ್ನೆರಾ ಎಂಬ ಪುಟ್ಟ ಗಿಡದ ಎಲೆಯಲ್ಲಿ ಡಿಎನ್‌ಎ ಹಾನಿ ಏರಿದ್ದನ್ನು ವಿಜ್ಞಾನಿಗಳು ಅಳೆದು ತೋರಿಸಿದರು. ಪರದೆ, ಕಣ್ಣು, ಕಿಣ್ವ ಎಲ್ಲವೂ ಇದ್ದೂ ಅಷ್ಟಾಯಿತು. ಓಝೋನ್ ತಿನ್ನುವ ಅನಿಲಗಳಿಗೆ ಕಡಿವಾಣ ಹಾಕಿದ 1987ರ ಮಾಂಟ್ರಿಯಲ್ ಒಪ್ಪಂದವನ್ನು ನಾವು ನಮ್ಮ ಚರ್ಮಕ್ಕಾಗಿ ಮಾಡಿಕೊಂಡೆವು. ಗಿಡಗಳಿಗೂ ಅದರಲ್ಲಿ ಪಾಲು ಸಿಕ್ಕಿತು.

ಮಾವಿನ ಚಿಗುರು, ಅರಳಿಯ ಚಿಗುರು ತಾಮ್ರಗೆಂಪಾಗಿರುವುದೂ ಇದಕ್ಕೇನಾ ಎಂದು ಕೇಳುವವರಿದ್ದಾರೆ. ಪೂರ್ತಿ ಹೌದೆನ್ನಲಾಗದು. ಕೆಂಪಿಗೆ ಕಾರಣವಾದ ಆಂಥೊಸಯನಿನ್ ಅದೇ ಕುಟುಂಬದ್ದು, ಆದರೆ ಅದು ಹೆಚ್ಚಾಗಿ ತಡೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಹಸಿರು ಇನ್ನೂ ಪೂರ್ತಿ ಕೂಡಿಲ್ಲದ ಎಳೆಯೆಲೆಗೆ ಬೆಳಕಿನ ಅಜೀರ್ಣವಾಗದಿರಲಿ ಎಂದು ಈ ಕೆಂಪು ಎನ್ನುವವರು ಒಂದು ಪಕ್ಷ, ಕೆಂಪು ಕಾಣದ ಹುಳಗಳ ಕಣ್ಣು ತಪ್ಪಿಸಲು ಎನ್ನುವವರು ಇನ್ನೊಂದು ಪಕ್ಷ. ಕೋಗಿಲೆಯ ಗಂಟಲಿಗಾಗಿ ಎನ್ನುವ ಕವಿಗಳದು ಮೂರನೆಯ ಪಕ್ಷ.

ಬಣ್ಣಕ್ಕೂ ಬಿಸಿಲಿಗೂ ಇರುವ ನಂಟು ನೋಡಲು ಅಡುಗೆಮನೆಗೆ ಹೋದರೆ ಸಾಕು. ಎಣ್ಣೆಗಾಯಿಗೆ ತಂದ ನೇರಳೆ ಬದನೆಕಾಯಿಯ ತೊಟ್ಟಿನ ಹಸಿರು ಟೊಪ್ಪಿಗೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ. ಕೆಳಗೆ ಬೆಳ್ಳಗೆ, ನಸುಹಸುರು ಚರ್ಮ ಕಾಣುತ್ತದೆ. ಟೊಪ್ಪಿಗೆಯ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಂದ ನೇರಳೆ ಶುರು, ನಡುವೆ ಎಳೆದ ಹಾಗೆ ಗೆರೆ. ಕೈಗಡಿಯಾರ ಬಿಚ್ಚಿದಾಗ ನಮ್ಮ ಮಣಿಕಟ್ಟಿನಲ್ಲಿ ಕಾಣುವ ಗುರುತೂ ಇದೇ ಬಗೆಯದು. ಎಲ್ಲ ತಳಿಯಲ್ಲೂ ಹೀಗಿಲ್ಲ, ಉಡುಪಿಯ ಮಟ್ಟುಗುಳ್ಳಕ್ಕಂತೂ ಹಸಿರೇ ಭೂಷಣವಾದ್ದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ಜಪಾನಿನಲ್ಲಿ ನೇರಳಾತೀತವನ್ನು ಪೂರ್ತಿ ತಡೆಯುವ ಪ್ಲಾಸ್ಟಿಕ್ಕಿನಡಿ ಬದನೆ ಬೆಳೆದವರು, ಕಾಯಿಗೆ ಬಣ್ಣ ಹತ್ತದೆ ಕೈಸುಟ್ಟುಕೊಂಡು ಹಾಳೆ ಬದಲಿಸಿದರು.

ಜೇನುಹುಳಕ್ಕೂ ಅಂಥ ಹಾಳೆಯಡಿ ದಾರಿ ತಪ್ಪುತ್ತದೆ. ಅದರ ಕಣ್ಣಿಗೆ ನೇರಳಾತೀತವೂ ಒಂದು ಬಣ್ಣ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಉದ್ದಕ್ಕೂ ಹಳದಿಯಾಗಿ ಕಾಣುವ ಸೂರ್ಯಕಾಂತಿಯ ದಳ ಜೇನಿಗೆ ಎರಡು ಬಣ್ಣದ್ದು: ತುದಿ ಹೊಳೆಯುತ್ತದೆ, ಬುಡ ಕಪ್ಪು, ನಡುವಿಗೆ ಬಾ ಎನ್ನುವ ಗುರಿಹಲಗೆ. ಆ ಕಪ್ಪಿಗೆ ಕಾರಣ ಎಲೆಯಲ್ಲಿ ಪರದೆಯಾಗಿದ್ದ ಅದೇ ಬಳಗದ ಫ್ಲೇವನಾಲುಗಳು. ಕಾಡು ಸೂರ್ಯಕಾಂತಿಗಳನ್ನು ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಣಹವೆಯ ಜಾಗದವಕ್ಕೆ ಈ ಕಪ್ಪು ದೊಡ್ಡದಿರುವುದು ಕಂಡುಬಂತು; ದಳದಿಂದ ನೀರು ಆರುವುದನ್ನೂ ಅದು ತಗ್ಗಿಸುವಂತಿದೆ. ಒಂದು ಸಾಮಾನನ್ನು ಕೊಡೆಯಾಗಿ, ಜಾಹೀರಾತಾಗಿ, ನೀರಿನ ಮುಚ್ಚಳವಾಗಿ ಬಳಸುವ ಮಿತವ್ಯಯವನ್ನು ನಾನು ನೋಡಿರುವುದು ಹಳೆಯ ಸೀರೆಯ ವಿಷಯದಲ್ಲಿ ನಮ್ಮ ತಾಯಂದಿರಲ್ಲಿ ಮಾತ್ರ.

ಇಷ್ಟನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ದೊಡ್ಡಬಳ್ಳಾಪುರದ ಕಡೆ ಪರಿಚಿತರೊಬ್ಬರ ಪಾಲಿಹೌಸಿಗೆ ಹೋಗಿದ್ದೆ. ಕೆಂಪು ಗುಲಾಬಿ, ಸಾಲು ಸಾಲು, ಡ್ರಿಪ್ ಪೈಪು, ಮೇಲೆ 200 ಮೈಕ್ರಾನಿನ ಯುವಿ ಶೀಟು. ಅವರು ಒಂದು ಹೂವನ್ನು ತಿರುಗಿಸಿ ಹೊರದಳದ ಅಂಚು ತೋರಿಸಿದರು. ಸುಟ್ಟ ಹಾಗೆ ಕಪ್ಪಾಗಿತ್ತು.

“ಇದೊಂದು ಇದ್ರೆ ಮಾರ್ಕೆಟ್ಟಲ್ಲಿ ಮುಟ್ಟಲ್ಲ ಸಾರ್. ಚಳಿಗಾಲದಲ್ಲಿ ಜಾಸ್ತಿ. ರೋಗ ಅಂತ ಔಷಧಿ ಹೊಡೆದೂ ಹೊಡೆದೂ ಸಾಕಾಯ್ತು.”

ಅದು ರೋಗವಲ್ಲ, ರಾತ್ರಿಯ ಚಳಿಗೆ ಹಗಲಿನ ನೇರಳಾತೀತ ಸೇರಿದರೆ ಗಿಡ ಆಂಥೊಸಯನಿನ್ನನ್ನು ಅಗತ್ಯಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತದೆ, ಕೆಂಪು ಗಾಢವಾಗುತ್ತ ಹೋಗಿ ಕಪ್ಪಾಗುತ್ತದೆ, ನೇರಳಾತೀತ ತಡೆಯುವ ಶೀಟು ಹಾಕಿದರೆ ತಗ್ಗುತ್ತದೆ ಎಂದೆ. ಈಗಿರುವುದು ಯುವಿ ಶೀಟೇ ಅಲ್ಲವೇ ಎಂದರು. ಆ ಹೆಸರಿನ ಶೀಟೆಲ್ಲ ಕಿರಣ ತಡೆಯುವುದಿಲ್ಲ, ಬಹಳಷ್ಟರಲ್ಲಿ ಮದ್ದು ಬೆರೆಸಿರುವುದು ಪ್ಲಾಸ್ಟಿಕ್ಕೇ ಬಿಸಿಲಿಗೆ ಪುಡಿಯಾಗದಿರಲಿ ಎಂದು, ಕೊಳ್ಳುವಾಗ ಕೇಳಿ ತಗೊಳ್ಳಬೇಕು ಎಂದೆ. ತಡೆಯುವ ಶೀಟಿನಡಿ ಬಿಳಿನೊಣ, ಥ್ರಿಪ್ಸ್ ಕಾಟವೂ ಕಡಿಮೆ ಎಂದಾಗ ಅವರ ಮುಖ ಅರಳಿತು. ಆದರೆ ಜೇನು ಬರುವುದು ಕಡಿಮೆ, ಬದನೆ ಹಾಕಿದರೆ ಬಣ್ಣ ಬರುವುದಿಲ್ಲ, ಕೆಂಪು ಲೆಟ್ಯೂಸ್ ಹಸಿರಾಗಿಯೇ ಉಳಿಯುತ್ತದೆ, ಕಾಮಕಸ್ತೂರಿಗೆ ವಾಸನೆ ತುಂಬುವುದಿಲ್ಲ ಎಂದು ನಾನು ಬಿಡದೆ ಮುಂದುವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ಅದೆಲ್ಲ ಸರಿ ಸಾರ್, ನಮ್ದು ಗುಲಾಬಿ” ಎಂದು ಹೇಳಿ ಮೋಟಾರು ಆಫ್ ಮಾಡಲು ಹೋದರು.